ತಿರುಗದ ಕುತ್ತಿಗೆ

ಒಂದು ಅಕ್ಷರ ಕೂಡ ಅಲ್ಲ, ಅಕ್ಷರಕ್ಕೆ ಅಂಟಿಕೊಂಡ ಒಂದು ಸ್ವರ ಅಷ್ಟೆ. ಆಸಾನ್ ಅನ್ನಬೇಕಾದರೆ ಬಾಯಿ ಅಗಲ ತೆರೆಯಬೇಕು. ಆಸೆನ್ ಅನ್ನಬೇಕಾದರೆ ತುಟಿ ಸ್ವಲ್ಪ ಎಳೆದು ಹಲ್ಲು ಕಾಣಿಸಬೇಕು. ಗಡ್ಡ ಒಪ್ಪ ಮಾಡಿಕೊಳ್ಳಲು ಕತ್ತರಿ ಹಿಡಿದು ಕನ್ನಡಿಯ ಮುಂದೆ ನಿಂತಿದ್ದ ರಾಸಿಮ್ ಎರಡನ್ನೂ ದನಿ ತೆಗೆಯದೆ ಹೇಳಿ ನೋಡಿದ. ಕನ್ನಡಿಯೊಳಗಿನ ಬಾಯಿ ಒಮ್ಮೆ ದೊಡ್ಡದಾಯಿತು, ಒಮ್ಮೆ ಚಿಕ್ಕದಾಯಿತು. ಮಧ್ಯದಲ್ಲಿ ಎಲ್ಲೋ ಬಾಯನ್ನು ನಿಲ್ಲಿಸಿಬಿಟ್ಟರೆ, ಗೋರಿಗುಡ್ಡದ ಮೇಲೆ ಗಾಳಿಯೂ ಬೀಸುತ್ತಿದ್ದರೆ, ಕೇಳಿದವರು ತಮತಮಗೆ ಬೇಕಾದ್ದನ್ನು ಕೇಳಿಸಿಕೊಳ್ಳಬಹುದು. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಹಾಗಂದುಕೊಂಡದ್ದೇ ತಡ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಸತ್ತವನ ಹೆಸರನ್ನು ಅಗಿದು ನುಂಗುವ ಹೊಜಾ! ಅಜ್ಜ ಇದ್ದಿದ್ದರೆ ಕೈಲಿದ್ದ ಜಪಮಣಿಯಲ್ಲೇ ತಲೆಗೆ ಬಾರಿಸುತ್ತಿದ್ದ. ಕತ್ತರಿ ಎಲ್ಲಿಗೋ ಹೋಗಿ ಗಡ್ಡ ಒಂದು ಕಡೆ ಮೊಂಡಾಯಿತು.

"ಬೆಳಗಾಗ್ತಿದ್ದ ಹಾಗೇ ಯಾರ ಹತ್ರ ಮಾತು?" ಅಂತ ಒಳಗಿಂದ ಹೆಂಡತಿ ಎಮಿನೆ ಕೇಳಿದಳು. ಕಾಫಿ ಉಕ್ಕುವ ವಾಸನೆ ಬರುತ್ತಿತ್ತು.

"ಯಾರ ಹತ್ರಾನೂ ಇಲ್ಲ."

"ಕನ್ನಡಿ ಹತ್ರ ಮಾತಾಡೋ ಗಂಡಸು ಒಂದೋ ಮದುವೆಗೆ ಹೊರಟಿರ್ಬೇಕು, ಇಲ್ಲಾ ಸುಳ್ಳು ಹೇಳೋಕೆ ಹೊರಟಿರ್ಬೇಕು. ನಿಮಗೆ ಮದುವೆ ವಯಸ್ಸಂತೂ ದಾಟಿದೆ."

ಅವಳಿಗೆ ಗೊತ್ತಿತ್ತು. ಊರಿಗೇ ಗೊತ್ತಿತ್ತು. ಹುಟ್ಟುವಾಗ ಆಸಾನ್ ಆಗಿದ್ದ ಆಸೆನ್ ನಿನ್ನೆ ಇಳಿಹೊತ್ತಿನಲ್ಲಿ ತೀರಿಕೊಂಡ. ಇವತ್ತು ಮಧ್ಯಾಹ್ನದ ನಮಾಜಾದ ಮೇಲೆ ಮಣ್ಣು. ಮಣ್ಣು ಮುಚ್ಚಿ ಎಲ್ಲರೂ ಬೆನ್ನು ತಿರುಗಿಸಿ ಹೊರಟಾಗ ನಮಾಜು ಮುನ್ನಡೆಸುವ ಹೊಜಾ, ಅಂದರೆ ರಾಸಿಮ್, ಒಬ್ಬನೇ ಗೋರಿಯ ತಲೆದೆಸೆಯಲ್ಲಿ ಉಳಿಯಬೇಕು, ಸತ್ತವನನ್ನು ಅವನ ತಾಯಿಯ ಹೆಸರು ಹಿಡಿದು, ಅವನ ಹೆಸರು ಹಿಡಿದು ಗಟ್ಟಿಯಾಗಿ ಕೂಗಬೇಕು. ಇಂಥವಳ ಮಗ ಇಂಥವನೇ, ಈಗ ಇಬ್ಬರು ದೇವದೂತರು ಬರುತ್ತಾರೆ, ಹೆದರಬೇಡ, ನಿನ್ನ ದೇವರು ಯಾರು ಅಂದರೆ ಹೀಗೆ ಹೇಳು, ಪ್ರವಾದಿ ಯಾರು ಅಂದರೆ ಹೀಗೆ ಹೇಳು ಅಂತ ಕಲಿಸಿಕೊಡಬೇಕು. ಕೂಗಿದ ಹೆಸರಿಗೆ ಸತ್ತವನು ಕಣ್ಣು ಬಿಡುತ್ತಾನೆ, ಮಲಗಿದ್ದಲ್ಲೇ ತಿರುಗಿ ಕಿವಿಗೊಡುತ್ತಾನೆ ಅಂತ ಅಜ್ಜ ಹೇಳುತ್ತಿದ್ದ. ತಪ್ಪು ಹೆಸರು ಕೂಗಿದರೆ? ಅಂತ ಆಗಿನ್ನೂ ಸಣ್ಣವನಾಗಿದ್ದ ರಾಸಿಮ್ ಕೇಳಿದ್ದ. ಅಜ್ಜ ಬಹಳ ಹೊತ್ತು ಯೋಚಿಸಿ, ನಮ್ಮೂರಲ್ಲಿ ಅಂಥಾದ್ದು ಯಾಕಾಗುತ್ತೆ, ಎಲ್ಲರ ಹೆಸರೂ ಎಲ್ಲರಿಗೂ ಗೊತ್ತಲ್ಲ, ಅಂದಿದ್ದ. ಮುದುಕ ಪುಣ್ಯವಂತ, ಹೆಸರುಗಳನ್ನೆಲ್ಲ ಬದಲಾಯಿಸಿದ ಆ ಚಳಿಗಾಲಕ್ಕೆ ಮುಂಚೆಯೇ ಕಣ್ಣು ಮುಚ್ಚಿದ.

ಕಾಫಿ ಕುಡಿದು, ಎಮಿನೆ ಒಗೆದಿಟ್ಟ ಬಿಳಿ ಟೋಪಿ ಹಾಕಿಕೊಂಡು ಹೊರಗೆ ಬಂದ. ಇಳಿಜಾರಿನ ಮೇಲೆ ಮನೆಗಳು ಒಂದರ ಹೆಗಲ ಮೇಲೊಂದು ಕೂತಿದ್ದವು, ಹೊಗೆ ಮಾತ್ರ ಅಲ್ಲೊಂದು ಇಲ್ಲೊಂದು. ಊರಿನ ಹೆಸರು ಓರೆಷೆ, ಅಂದರೆ ಅಕ್ರೋಟದ ಊರು. ತುರ್ಕರ ಕಾಲದಲ್ಲಿ ಜೆವಿಜ್ಲಿ ಅನ್ನುತ್ತಿದ್ದರು. ಅದೂ ಅಕ್ರೋಟದ ಊರೇ. ಊರಿನ ಹೆಸರು ಬದಲಾಯಿಸಿದವರು ಅರ್ಥವನ್ನಾದರೂ ಉಳಿಸಿದ್ದರು. ಜನರ ಹೆಸರಿಗೆ ಕೈಹಾಕಿದಾಗ ಅಷ್ಟು ದಾಕ್ಷಿಣ್ಯವೂ ಇರಲಿಲ್ಲ. ಇಲ್ಲಿಯವರ ಮಾತು ಬಲ್ಗೇರಿಯನ್, ನಮಾಜು ಅರಬಿ, ಹೆಸರು ಮಾತ್ರ ಬಂದು ಹೋದ ಸರ್ಕಾರಗಳದ್ದು ಅಂತ ಆಸೆನನೇ ನಗುತ್ತಿದ್ದ. ಒಮ್ಮೆ ರಾಜಧಾನಿಯಿಂದ ಯಾರೋ ಪುಸ್ತಕ ಬರೆಯುವವಳು ಬಂದು, ನಿಮ್ಮೂರಲ್ಲಿ ಎಷ್ಟು ಜನ ಇದ್ದೀರಿ ತಾತ, ಅಂತ ಕೇಳಿದಳು. ಆಸೆನ್ ಸಿಗರೇಟು ಸುತ್ತುತ್ತಾ, "ಹೆಸರು ಎಣಿಸಿದ್ರೆ ದೊಡ್ಡ ಊರಮ್ಮ, ಒಬ್ಬೊಬ್ಬರಿಗೂ ಎರಡೆರಡು. ತಲೆ ಎಣಿಸಿದ್ರೆ ಒಂದು ಬಸ್ಸು, ಅದೂ ಹಿಂದಿನ ಸೀಟು ಖಾಲಿ," ಅಂದ. ಬಸ್ಸು ಅಂದಾಗ ರಾಸಿಮ್‌ನ ಕಡೆ ನೋಡಿ ಕಣ್ಣು ಹೊಡೆದಿದ್ದ. ರಾಸಿಮ್ ಹೊಜಾ ಆಗುವುದಕ್ಕೆ ಮುಂಚೆ ಅರ್ಧ ಆಯುಸ್ಸು ಜಿಲ್ಲಾಪಟ್ಟಣದ ಬಸ್ಸು ಓಡಿಸಿದವನು. ಅವನೇ ಈ ಊರನ್ನು ಸ್ವಲ್ಪಸ್ವಲ್ಪವಾಗಿ ಇಳಿಸಿ ಬಂದವನು: ಹೊಗೆಸೊಪ್ಪಿನ ಕಾರ್ಖಾನೆ ಮುಚ್ಚಿದ ವರ್ಷ ಒಂದಷ್ಟು ಸಂಸಾರ, ಗಡಿ ತೆರೆದ ವರ್ಷ ತುರ್ಕಿಗೆ ಒಂದಷ್ಟು, ಆಮೇಲೆ ಸ್ಪೇನಿನ ತೋಟಗಳಿಗೆ ಗಂಡಸರು, ಅವರ ಹಿಂದೆ ಹೆಂಗಸರು. ಹೋಗುವಾಗ ತುಂಬಿರುತ್ತಿದ್ದ ಬಸ್ಸನ್ನು ಬೆಟ್ಟ ಹತ್ತಿಸಿ ಖಾಲಿ ತರುತ್ತಿದ್ದ. ಕೊನೆಗೆ ಬಸ್ಸೂ ನಿಂತಿತು. ಹಳೇ ಹೊಜಾ ಸತ್ತಾಗ, ನಿನ್ನಜ್ಜ ಓದಿದವನು, ನೀನೇ ನಿಲ್ಲು ಅಂತ ಮುಂದಕ್ಕೆ ತಳ್ಳಿದರು. ಪಟ್ಟಣದಲ್ಲಿ ಓದಿ ಬಂದ ಎಳೇ ಇಮಾಮನೊಬ್ಬ ಅವನ ಓದು ಕೇಳಿ, "ಸ್ವಾಮಿ, ನಿಮ್ಮ ಅರಬಿ ಎರಡನೇ ಗೇರಿನಲ್ಲಿ ಓಡ್ತಿದೆ," ಅಂದಿದ್ದ. ಎಲ್ಲರೂ ನಕ್ಕರು. ರಾಸಿಮನೂ ನಕ್ಕ.

ಬಸ್ಸಿಲ್ಲದ ಬಸ್‌ನಿಲ್ದಾಣದ ಗೋಡೆಯ ಮೇಲೆ ಸಾವಿನ ಕಾಗದಗಳು ಪದರಪದರವಾಗಿ ಅಂಟಿದ್ದವು. ಸತ್ತವರ ಚಿತ್ರ, ಹೆಸರು, ಸುತ್ತ ಹಸಿರು ಅಂಚು, ಮೇಲೆ ಅರ್ಧಚಂದ್ರ. ನೆರೆಯ ಕ್ರೈಸ್ತರ ಊರಲ್ಲಾದರೆ ಕಪ್ಪು ಅಂಚು, ಶಿಲುಬೆ. ಇವತ್ತು ಬೆಳಿಗ್ಗೆ ಅಂಟಿಸಿದ ಕಾಗದದ ಅಂಟು ಇನ್ನೂ ಹಸಿಯಾಗಿತ್ತು. ಅಂಚು ಕಪ್ಪೂ ಅಲ್ಲ ಹಸಿರೂ ಅಲ್ಲ, ಬೂದು. ಚಂದ್ರನ ಜಾಗದಲ್ಲಿ ಒಂದು ಎಲೆ. ಅದರ ಕೆಳಗೆ ದಪ್ಪಕ್ಷರದಲ್ಲಿ ಆಸೆನ್. ಅದರ ಮುಂದೆ, ಸೊಂಟದ ಮೇಲೆ ಕೈಯಿಟ್ಟುಕೊಂಡು, ಸಾಬ್ರಿ ನಿಂತಿದ್ದ. ಕುರಿ ಇಟ್ಟವನು, ಮಸೀದಿಯ ಸೂರಿಗೆ ತಗಡು ಹಾಕಿಸಿದವನು, ಆ ತಗಡಿನ ಮಾತನ್ನು ಯಾರೂ ಮರೆಯದ ಹಾಗೆ ನೋಡಿಕೊಂಡವನು.

"ನೋಡಿದ್ಯಾ ಹೊಜಾ? ಎಲೆ ಹಾಕ್ಸಿದ್ದಾಳೆ, ಎಲೆ! ಅವರಪ್ಪ ಏನು ಕೋಸುಗೆಡ್ಡೆನಾ?"

"ಮಗಳಿಗೆ ದುಃಖ ಇರುತ್ತಪ್ಪ. ಏನೋ ತಿಳೀದೆ ಹಾಕ್ಸಿರ್ತಾಳೆ."

"ತಿಳೀದೆ ಅಲ್ಲ, ತಿಳಿದೇ ಹಾಕ್ಸಿದ್ದಾಳೆ. ಬಿಡು, ಅವಳ ಕಾಗದ ಅವಳದು. ನೀನು ಹೇಳು. ಗೋರಿ ಹತ್ರ ಏನಂತ ಕೂಗ್ತೀಯ?"

ಒಂದು ನಾಯಿ ಬಂದು ಅಂಟಿನ ಡಬ್ಬಿ ಮೂಸಿತು. ರಾಸಿಮ್ ಅದನ್ನೇ ನೋಡುತ್ತಾ ನಿಂತ.

"ಕೇಳಿಲ್ಲಿ," ಸಾಬ್ರಿ ದನಿ ತಗ್ಗಿಸಿದ, ಅದು ಕೂಗಿಗಿಂತ ಕೆಟ್ಟದಾಗಿತ್ತು. "ನನಗೆ ಅವನ ಮೇಲೆ ದ್ವೇಷ ಇಲ್ಲ. ಹೆಗಲು ಕೊಡ್ತೀನಿ, ಮಣ್ಣು ಹಾಕ್ತೀನಿ. ಆದ್ರೆ ನಮ್ಮಪ್ಪ ಮಲಗಿರೋ ಜಾಗದಲ್ಲಿ ಆ ಕಾಫಿರರ, ಗ್ಯಾವೂರರ ಹೆಸರು ಕೇಳಿಸ್ಬಾರ್ದು. ಮಾತು ಕೊಡು. ಇಲ್ಲಾಂದ್ರೆ ನಾನೂ ಬರಲ್ಲ, ಜಾಫೆರೂ ಬರಲ್ಲ. ನೀನು, ಆ ಅಳಿಯ, ಇಬ್ರೇ ಹೊತ್ಕೊಂಡು ಹೋಗಿ. ಒಂದು ತುದಿ ನಾಯಿ ಎಳೀಲಿ."

"ಜಾಫೆರ್‌ಗೆ ಕಿವೀನೇ ಕೇಳಲ್ವಲ್ಲೋ. ಏನು ಕೂಗಿದ್ರೂ ಅವನಿಗೇನು?"

"ನನಗೆ ಕೇಳುತ್ತೆ. ಇನ್ನೊಂದು ವಿಷ್ಯ. ಆ ಹೆಸರು ಕೂಗಿದ್ರೆ ನಾಳೆಯಿಂದ ನಿನ್ನ ಹಿಂದೆ ನಮಾಜಿಗೆ ಒಬ್ಬನೂ ನಿಲ್ಲಲ್ಲ. ಪಟ್ಟಣದಿಂದ ಓದಿರೋ ಹುಡುಗನ್ನ ಕರೆಸ್ತೀವಿ. ಅವನು ಮೊದಲನೇ ದಿನವೇ ಅಂದಿದ್ದ, ಈ ಹೊಜಾ ಇನ್ನೂ ಸ್ಟೀರಿಂಗ್ ಬಿಟ್ಟಿಲ್ಲ ಅಂತ."

"ಆಸಾನ್," ಅಂದುಬಿಟ್ಟ ರಾಸಿಮ್. "ಆಸಾನ್ ಅಂತಾನೇ ಕೂಗ್ತೀನಿ. ಬೇರೇನು ಕೂಗ್ಲಿ?"

ಅಷ್ಟು ಸಲೀಸಾಗಿ ಬಂತು. ಒಂದು ಜಗ್ಗಾಟ ಬೇಡವೇ, ಒಂದು ಕೆಮ್ಮಾದರೂ ಬೇಡವೇ? ಸಾಬ್ರಿ ಅವನ ಬೆನ್ನು ತಟ್ಟಿದ. ಕುರಿಯ ಬೆನ್ನು ತಟ್ಟುವುದೂ ಹೀಗೇ. ಆಸೆನ್‌ನ ಮನೆಯ ಕಡೆ ಬೆಟ್ಟ ಹತ್ತುತ್ತಾ ರಾಸಿಮ್ ತನಗೇ ಹೇಳಿಕೊಂಡ: ಅದು ಅವನ ಹುಟ್ಟುಹೆಸರು, ಅವನ ತಾಯಿ ಕಿವಿಯಲ್ಲಿ ಹೇಳಿಸಿದ ಹೆಸರು, ಧರ್ಮದ ಹೆಸರು, ನಾನೇನು ಸುಳ್ಳು ಹೇಳುತ್ತಿಲ್ಲ. ಹೌದು, ಸುಳ್ಳಲ್ಲ. ಹಾಗಾದರೆ ಬೆವರು ಯಾಕೆ? ಸಾಬ್ರಿಯದು ದೊಡ್ಡ ಮಾತು! ಹೆಸರಿನ ಚಳಿಗಾಲದಲ್ಲಿ, ಸರ್ಕಾರ ಮುಸ್ಲಿಮರ ಹೆಸರು ಕಿತ್ತು ಬಲ್ಗೇರಿಯನ್ ಹೆಸರು ಬರೆಸಲು ಶಾಲೆಯ ಮುಂದೆ ಸಾಲು ನಿಲ್ಲಿಸಿದಾಗ, ಎಲ್ಲರಿಗಿಂತ ಮುಂದೆ ನಿಂತು ಅವನಿಗೆ ಸಾಶೊ ಅಂತ ಬರೆಸಿಕೊಂಡು ಬಂದದ್ದು ಅವನ ಮನೆಯವರೇ. ಕಾಲ ಬದಲಾಗಿ ಹಳೇ ಹೆಸರು ವಾಪಸು ಕೊಡುತ್ತೇವೆ ಬನ್ನಿ ಅಂದಾಗಲೂ ಸಾಲಿನ ತಲೆಯಲ್ಲಿದ್ದವನು ಅವನೇ. ಆಸೆನ್ ಎರಡು ಸಾಲಿನಲ್ಲೂ ನಿಲ್ಲಲಿಲ್ಲ. ಮೊದಲ ಸಲ ಕಾಡಿಗೆ ಓಡಿದ. ಹಿಮದಲ್ಲಿ ಹುಡುಕಿ ಹಿಡಿದು ತಂದರು. ಹಿಂತಿರುಗಿದಾಗ ಎಡಗಾಲಿನ ಬೆರಳುಗಳೂ ಇರಲಿಲ್ಲ, ಆಸಾನನೂ ಇರಲಿಲ್ಲ. ಎರಡನೇ ಸಲ ಎಲ್ಲರೂ ಅರ್ಜಿ ಹಿಡಿದು ಪಟ್ಟಣಕ್ಕೆ ಹೊರಟಾಗ, ರಾಸಿಮನೇ ಬಸ್ಸಿನ ಬಾಗಿಲು ತೆಗೆದು, ಹತ್ತೋ, ಎಲ್ಲರೂ ಹೋಗ್ತಿದ್ದಾರೆ, ಅಂದ. ಕಟ್ಟೆಯ ಮೇಲೆ ಕೂತಿದ್ದ ಆಸೆನ್ ಕದಲಲಿಲ್ಲ. "ನಾನು ಕಳ್ಕೊಂಡಿದ್ರೆ ಹುಡುಕ್ಕೊಂಡು ಹೋಗ್ತಿದ್ದೆ. ಕಿತ್ಕೊಂಡೋರು ಅವರು. ತಂದುಕೊಡೋದೂ ಅವರ ಕೆಲಸ. ನನ್ನದನ್ನೇ ನನಗೆ ಕೊಡಿ ಅಂತ ಅರ್ಜಿ ಹಾಕೋಕೆ ನಾನೇನು ಭಿಕ್ಷೆಯವನಾ?" ಯಾರೂ ತಂದುಕೊಡಲಿಲ್ಲ. ಅವನು ಆಸೆನ್ ಆಗಿಯೇ ಉಳಿದ. ಮೊದಮೊದಲು ಜನ ನಕ್ಕರು, ಆಮೇಲೆ ಬೈದರು, ಆಮೇಲೆ ಅವನು ಬೇಕಂತಲೇ ಆ ಹೆಸರು ಇಟ್ಟುಕೊಂಡಿದ್ದಾನೆ ಅಂತ ನಂಬಿದರು.

ರಾಸಿಮ್‌ಗೆ ಅಂಥ ಹಟ ಯಾವತ್ತೂ ಇರಲಿಲ್ಲ, ಇನ್ನೂ ಹೇಳಬೇಕೆಂದರೆ ಅಂಥ ನೋವೂ ಇರಲಿಲ್ಲ. ಆ ಶಾಲೆಯ ಅಂಗಳದಲ್ಲಿ ಅಪ್ಪನ ಕೈ ಹಿಡಿದು ನಿಂತಿದ್ದ. ಮೇಜಿನ ಪಕ್ಕ ನಿಂತಿದ್ದ ಟೀಚರು, ಗುಲಾಬಿಯ ವಾಸನೆಯ ಕರವಸ್ತ್ರದವಳು, ಅವನ ಗಲ್ಲ ಹಿಡಿದು, "ನೋಡಿ ಹೇಗೆ ಕೆಂಪಾಗಿದ್ದಾನೆ, ಇವನಿಗೆ ರೂಮೆನ್ ಅಂತ ಇಡಿ," ಅಂದಳು. ಕೆಂಪು ಕೆನ್ನೆಯವನು ಅಂತ ಅದರ ಅರ್ಥ. ಅಪ್ಪ ದಾರಿಯುದ್ದಕ್ಕೂ ಹೆಂಗಸಿನ ಹಾಗೆ ಅತ್ತ. ರಾಸಿಮ್ ಮನೆಗೆ ಬಂದು ಬಚ್ಚಲಿನ ನೀರಿನಲ್ಲಿ ಮುಖ ನೋಡಿಕೊಂಡ. ಕೆಂಪಾಗಿಯೇ ಇತ್ತು. ಹೆಸರು ಅವನಿಗೆ ಇಷ್ಟವಾಗಿತ್ತು. ಅದನ್ನು ಅವನು ಯಾರಿಗೂ, ಎಮಿನೆಗೂ, ಹೇಳಿಲ್ಲ. ಸೈನ್ಯದಲ್ಲಿ ರೂಮೆನ್, ಬಸ್ ಡಿಪೋದಲ್ಲಿ ರೂಮೆನ್, ಟಿಕೆಟ್ ಕಿಂಡಿಯ ಹಿಂದಿನ ಇಸ್ಕ್ರಾ ಚಿಲ್ಲರೆ ಕೊಡುವಾಗ ಬೆರಳು ತಾಗಿಸಿ 'ರೂಮೋ' ಅನ್ನುತ್ತಿದ್ದಳು. ಅವನು ಹಾಡಿದ್ದು, ಕುಡಿದದ್ದು, ಗೇರು ಬದಲಾಯಿಸುತ್ತಾ ಸಿಳ್ಳೆ ಹೊಡೆದದ್ದು ಎಲ್ಲ ರೂಮೆನ್. ಯೌವನವೆಲ್ಲ ಅವನದೇ. ರಾಸಿಮ್‌ಗೆ ಸಿಕ್ಕಿದ್ದು ಮಂಡಿನೋವು ಮತ್ತು ಈ ಟೋಪಿ. ಇದು ಯಾವ ಪಾಪದ ಲೆಕ್ಕಕ್ಕೆ ಬರುತ್ತದೋ ಅವನಿಗೆ ತಿಳಿಯದು, ಕೇಳುವುದಾದರೂ ಯಾರನ್ನು, ಊರಿಗೆ ಹೊಜಾ ಅವನೇ.

ಆಸೆನ್‌ನ ಅಂಗಳದಲ್ಲಿ ಮಗಳು ಸ್ನೆಜಾನಾ ಮರದ ತೊಟ್ಟಿಗೆ ಬಿಸಿನೀರು ಸುರಿಯುತ್ತಿದ್ದಳು. ಕೆಳಗಿನ ಪಟ್ಟಣದಲ್ಲಿ ದಾದಿ ಕೆಲಸ. ವಾರವಾರ ಬಂದು ಅಪ್ಪನನ್ನು ನೋಡಿಕೊಂಡು ಹೋಗುತ್ತಿದ್ದವಳು, ಕೊನೆಗೆ ರಜೆ ಹಾಕಿ ಇಲ್ಲೇ ಇದ್ದುಬಿಟ್ಟಿದ್ದಳು. ಅವಳ ಗಂಡ ಪ್ಲಾಮೆನ್, ಕ್ರೈಸ್ತರ ಹುಡುಗ, ಮೂಲೆಯಲ್ಲಿ ಟೋಪಿ ಹಿಡಿದುಕೊಂಡು, ಏನು ಮಾಡಿದರೆ ತಪ್ಪಾಗುತ್ತದೋ ಅಂತ ಏನೂ ಮಾಡದೆ ನಿಂತಿದ್ದ.

"ರಾಸಿಮ್ ಮಾವ," ಅಂದಳು, "ಅಪ್ಪನ್ನ ಆಸೆನ್ ಅಂತಾನೇ ಕೂಗ್ತೀರಲ್ಲ?"

"ನೋಡಮ್ಮ, ಧರ್ಮದಲ್ಲಿ ಏನಿದೆ ಅಂದ್ರೆ..."

"ಧರ್ಮದಲ್ಲಿ ಏನಿದೆ ಅಂತ ನಾನು ಕೇಳ್ಲಿಲ್ಲ. ಆ ಚಳಿಗಾಲ ಸತ್ತೋರಿಗೂ ಹೊಸ ಹೆಸರು ಇಟ್ಟಿದ್ರಂತೆ. ನಮ್ಮ ಮುತ್ತಜ್ಜನ್ನ, ಗೋರಿಯಲ್ಲಿ ಮಲಗಿದ್ದೋನ್ನ, ಮಿಹಾಯಿಲ್ ಅಂತ ಮಾಡಿದ್ರಂತೆ. ಬದುಕಿದ್ದೋನು ಓಡ್ಬಹುದು, ಒದೀಬಹುದು, ಸತ್ತೋನು ಏನು ಮಾಡ್ತಾನೆ ಅಂತ ಅಪ್ಪ ಹೇಳಿ ಹೇಳಿ ಅಳೋರು. ಅವರು ಮನಸ್ಸು ಮಾಡಿದ್ರೆ ಯಾವತ್ತೋ ಬದಲಾಯಿಸ್ಕೋತಿದ್ರು. ಮಾಡ್ಲಿಲ್ಲ. ಈಗ ಮಣ್ಣಿಗೆ ಹೋದ್ಮೇಲೆ ನೀವು ಬದಲಾಯಿಸಿದ್ರೆ, ಆ ಸರ್ಕಾರದೋರಿಗೂ ನಿಮಗೂ ಏನು ವ್ಯತ್ಯಾಸ ಮಾವ?"

ಅವಳು ತಂಬಿಗೆ ಕೆಳಗಿಟ್ಟಳು. "ಇನ್ನೊಂದು ಹೇಳಿ. ನಾನು ಹುಟ್ಟಿದ್ದು ಆಮೇಲೆ. ನನಗಿರೋದು ಇದೊಂದೇ ಹೆಸರು, ಅಪ್ಪ ಇಟ್ಟಿದ್ದು, ಹೊರಗೆ ಹಿಮ ಬೀಳ್ತಿತ್ತು ಅಂತ. ನಾನು ಸತ್ರೆ ನನ್ನ ಏನಂತ ಕೂಗ್ತೀರಿ?"

ಈ ಬೆಟ್ಟಗಳಲ್ಲಿ ಹೌದು ಅನ್ನುವವರು ತಲೆಯನ್ನು ಅತ್ತಿತ್ತ ಆಡಿಸುತ್ತಾರೆ, ಇಲ್ಲ ಅನ್ನುವವರು ಗದ್ದ ಮೇಲೆತ್ತುತ್ತಾರೆ. ರಾಸಿಮ್ ಎರಡೂ ಅಲ್ಲದ ಒಂದನ್ನು ಮಾಡಿದ. ಕಾಲರು ಬಿಗಿಯಾದವನು ಕತ್ತು ಸಡಿಲ ಮಾಡಿಕೊಂಡ ಹಾಗೆ. ಸ್ನೆಜಾನಾ ಅದನ್ನು ಹೌದು ಅಂತಲೇ ತೆಗೆದುಕೊಂಡಳು. ಕಣ್ಣೊರೆಸಿಕೊಂಡು, ನೀವೊಬ್ರಾದ್ರೂ ಇದ್ದೀರಲ್ಲ ಮಾವ, ಅಂದಳು. ಅವಳ ಕೈಯಿಂದ ಟವೆಲು ತೆಗೆದುಕೊಳ್ಳುವಾಗ ರಾಸಿಮ್‌ಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಬೆಳಗಿನಿಂದ ಇಬ್ಬರಿಗೆ ಎರಡು ಮಾತು ಕೊಟ್ಟಿದ್ದ.

ಒಳಗೆ ಅವನೂ ಕಿವುಡ ಜಾಫೆರೂ ಸೇರಿ ಹೆಣ ತೊಳೆದರು. ಜಾಫೆರ್ ನೀರು ಹಾಕುತ್ತಿದ್ದ, ಎಲ್ಲ ಕಿವುಡರ ಹಾಗೆ ತಾನು ಪಿಸುಗುಟ್ಟುತ್ತಿದ್ದೇನೆ ಅಂದುಕೊಂಡು, "ಒಳ್ಳೇ ಮನುಷ್ಯ! ಆದ್ರೆ ಬಾಯಿ ಕೆಟ್ಟದ್ದು!" ಅಂತ ಇಡೀ ಮನೆಗೆ ಕೇಳುವಂತೆ ಕಿರುಚಿದ. ಎಡಗಾಲಿನ ಸರದಿ ಬಂತು. ಬೆರಳುಗಳಿದ್ದ ಜಾಗ ನುಣ್ಣಗೆ, ಕೂಸಿನ ಅಂಗೈಯ ಹಾಗೆ ಇತ್ತು. ರಾಸಿಮ್ ಅದನ್ನು ಒಂದು ಸಲ ತೊಳೆದ, ಮತ್ತೆ ತೊಳೆದ. ಆಮೇಲೆ ಕುತ್ತಿಗೆ. ಬಿಗಿದುಕೊಂಡ ಆ ಕುತ್ತಿಗೆಯನ್ನು ಪಕ್ಕಕ್ಕೆ ತಿರುಗಿಸಲು ಹೋದರೆ ಬರಲೇ ಇಲ್ಲ, ಅವನು ಬದುಕಿದ್ದಾಗಿನ ಹಾಗೇ. ಹೋದ ವರ್ಷ ಹುಲ್ಲು ಕೊಯ್ಯುವ ಕಾಲದಲ್ಲಿ ರಾಸಿಮ್ ಮಸೀದಿಯಿಂದ ಇಳಿದು ಬರುತ್ತಿದ್ದಾಗ ಹಿಂದಿನಿಂದ ಯಾರೋ "ರಾಸಿಮ್" ಅಂದರು. ಅವನು ಏನೋ ಯೋಚನೆಯಲ್ಲಿ ನಡೆಯುತ್ತಲೇ ಇದ್ದ. "ರಾಸಿಮ್!" ಇನ್ನೊಮ್ಮೆ. ಕಿವಿಗೆ ಬಿತ್ತು, ಆದರೆ ಯಾರನ್ನೋ ಕರೆದ ಹಾಗೆ. ಆಮೇಲೆ "ರೂಮೆನ್!" ತಕ್ಷಣ ಗಕ್ಕನೆ ತಿರುಗಿದ. ಕಟ್ಟೆಯ ಮೇಲೆ ಆಸೆನ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ನೋಡಿದ್ಯಾ ಹೊಜಾ, ಬಾಯಿ ಸುಳ್ಳು ಹೇಳ್ಬಹುದು, ಕುತ್ತಿಗೆ ಹೇಳಲ್ಲ!" ರಾಸಿಮ್‌ಗೆ ರಕ್ತವೆಲ್ಲ ಮುಖಕ್ಕೇರಿತ್ತು. "ನೀನೇನು ಕಮ್ಮಿ? ನಿನ್ನ ಕುತ್ತಿಗೆ ಯಾವುದಕ್ಕೆ ತಿರುಗುತ್ತೆ?" ಅಂತ ಕೇಳಿದ. ಆಸೆನ್ ನಗು ನಿಲ್ಲಿಸಿ ಅವನನ್ನೇ ನೋಡಿದ. "ಯಾವುದಕ್ಕೂ ಇಲ್ಲ," ಅಂದ. "ಅದಕ್ಕೇ ನೋಡು, ಅಕ್ಕಪಕ್ಕ ಯಾರೂ ಇಲ್ಲ." ಅವತ್ತಿನಿಂದ ರಾಸಿಮ್‌ಗೆ ಒಂದು ಭಯ ಹತ್ತಿಕೊಂಡಿತ್ತು. ತನ್ನನ್ನು ಮಣ್ಣಿಗಿಟ್ಟು ರಾಸಿಮ್ ಅಂತ ಕೂಗುತ್ತಾರೆ. ತಾನು ತಿರುಗದೆ ಹೋದರೆ? ಇಬ್ಬರು ದೇವದೂತರ ಮುಂದೆ ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಅಂತ ಸುಮ್ಮನೆ ಮಲಗಿಬಿಟ್ಟರೆ? ಅವನು ಕಫನ್ನಿನ ಬಿಳಿ ಬಟ್ಟೆಯ ಗಂಟು ಬಿಗಿದ.

ಹಲಗೆಯ ನಾಲ್ಕು ತುದಿಗೆ ಸಾಬ್ರಿ, ಜಾಫೆರ್, ಪ್ಲಾಮೆನ್, ರಾಸಿಮ್. ಹಿಂದೆ ಬರಲು ಕೋಲೂರುವ ಒಂದಿಬ್ಬರು ಮುದುಕರು. ಒಂದು ಕಾಲದಲ್ಲಿ ಹೆಣಕ್ಕೆ ಹೆಗಲು ಕೊಡಲು ಊರ ಗಂಡಸರು ತಳ್ಳಾಡುತ್ತಿದ್ದರು, ಹತ್ತು ಹೆಜ್ಜೆಗೊಬ್ಬರು ಬದಲಾಗುತ್ತಾ ಹಲಗೆ ಕೈಯಿಂದ ಕೈಗೆ ತೇಲಿಕೊಂಡು ಹೋಗುತ್ತಿತ್ತು. ಈಗ ಬದಲಿ ಇಲ್ಲ. ಹೆಗಲು ಕಿತ್ತು ಬಂದರೂ ಅದೇ ನಾಲ್ವರು. ಹೆಂಗಸರು ಗೋರಿಗುಡ್ಡಕ್ಕೆ ಬರುವ ಪದ್ಧತಿಯಿಲ್ಲ, ಸ್ನೆಜಾನಾ ಬಂದಳು. ಸಾಬ್ರಿ ತಿರುಗಿ ಕೆಕ್ಕರಿಸಿದಾಗ, "ನನಗೆ ಅಣ್ಣ ಇದ್ದಿದ್ರೆ ಮನೇಲೇ ಇರ್ತಿದ್ದೆ, ನೀವು ಹೊರೋದು ನೋಡ್ಕೊಳ್ಳಿ," ಅಂದಳು. ಬೇಲಿಯ ಹೊರಗೆ, ಊರಿಗೆ ಉಳಿದ ಕಡೆಯ ದೊಡ್ಡ ಅಕ್ರೋಟದ ಕೆಳಗೆ ನಿಂತಳು. ಪ್ಲಾಮೆನ್ ಕಾಲು ಜಾರಿ ಹಲಗೆ ವಾಲಿದಾಗ ಇಡೀ ಭಾರ ರಾಸಿಮ್‌ನ ಕತ್ತಿನ ಮೇಲೆ ಬಿತ್ತು. ಬದುಕಿದ್ದಾಗ ಇಷ್ಟು ಭಾರ ಇರಲಿಲ್ಲ ಇವನು, ಅಂದುಕೊಂಡ. ಸಾಬ್ರಿ ಪಕ್ಕದಿಂದ, "ಮಾತು ನೆನಪಿದೆಯಲ್ಲ?" ಅಂತ ಉಸಿರಿನಲ್ಲೇ ಕೇಳಿದ. ಇದೆ, ಅಂದ ರಾಸಿಮ್.

ಇಳಿಸಿದರು. ಓರೆಯಾಗಿ ಹಲಗೆಗಳನ್ನಿಟ್ಟರು. ಮಣ್ಣು ಎಳೆದರು. ಸಾಬ್ರಿ ನಿಜವಾಗಿಯೂ ಚೆನ್ನಾಗಿ ದುಡಿದ, ಬೆವರು ಸುರಿಸಿದ, ಒಂದು ಕ್ಷಣ ಸಲಿಕೆಗೆ ಒರಗಿ ಮೂಗನ್ನೂ ಒರೆಸಿಕೊಂಡ; ಅವನೂ ಆಸೆನನೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಆಮೇಲೆ ಎಲ್ಲರೂ ಬೇಲಿಯ ಕಡೆ ನಡೆದರು. ಅಲ್ಲೇ ನಿಂತರು, ಕೇಳಿಸಿಕೊಳ್ಳಲು. ರಾಸಿಮ್ ತಲೆದೆಸೆಯಲ್ಲಿ ಮಂಡಿಯೂರಿದ. ಗಾಳಿ ಬೀಸುತ್ತಿತ್ತು, ಬೆಳಿಗ್ಗೆ ಬೇಡಿಕೊಂಡ ಹಾಗೇ. ಈ ಗಾಳಿಯಲ್ಲಿ ಯಾವ ಸ್ವರ ಬೇಕಾದರೂ ಕರಗಿ ಹೋಗುತ್ತದೆ. ಬಾಯನ್ನು ಆ ಮತ್ತು ಎ ನಡುವೆ ಎಲ್ಲೋ ಇಟ್ಟುಕೊಂಡ. ಎದುರಿಗೆ ಹಸಿ ಮಣ್ಣು. ಅದರ ಕೆಳಗೆ ತಿರುಗಲು ಒಪ್ಪದ ಆ ಕುತ್ತಿಗೆ, ನುಣ್ಣನೆಯ ಆ ಕಾಲು. ಒಬ್ಬ ಮನುಷ್ಯ ಆಯುಸ್ಸಿಡೀ ಅಸಹ್ಯಪಟ್ಟ ಹೆಸರನ್ನು ಮೈಮೇಲೆ ಹೊತ್ತು ಕೂತಿದ್ದ, ಯಾರಾದರೂ ಬಂದು ತಪ್ಪಾಯಿತು ಅನ್ನಲಿ ಅಂತ. ಯಾರೂ ಬರಲಿಲ್ಲ. ಈಗ ಗುಟ್ಟಾಗಿ ಅದನ್ನು ಬಿಚ್ಚಿ, ಏನೂ ಆಗೇ ಇಲ್ಲ ಅನ್ನುವ ಹಾಗೆ ಹಳೇದನ್ನು ತೊಡಿಸಿ ಕಳಿಸಿದರೆ, ಆ ಹೆಸರು ಕೊಟ್ಟವರಿಗೆ ಅದಕ್ಕಿಂತ ಸುಲಭ ಇನ್ನೇನಿದೆ? ರಾಸಿಮ್‌ಗೆ ಸಿಟ್ಟು ಬಂತು. ಬಹಳ ವರ್ಷಗಳಿಂದ ಬಾರದಿದ್ದ, ಸೊಗಸಾದ ಸಿಟ್ಟು.

"ಫಾತ್ಮೆಯ ಮಗ ಆಸೆನ್!"

ಬಸ್‌ನಿಲ್ದಾಣದಲ್ಲಿ ಊರುಗಳ ಹೆಸರು ಕೂಗುತ್ತಿದ್ದ ದನಿ ಅದು, ಗಾಳಿಯನ್ನು ಸೀಳಿಕೊಂಡು ಹೋಗುವ ದನಿ. ಎದುರಿನ ಬೆಟ್ಟಕ್ಕೆ ಬಡಿದು, ಸೆನ್, ಅಂತ ಹಿಂತಿರುಗಿ ಬಂತು. ಬೇಲಿಯ ಹತ್ತಿರ ಜಾಫೆರ್, ಏನಂದ, ಏನಂದ, ಅಂತ ಕೇಳುತ್ತಿದ್ದ.

"ಲೋ ರೂಮೆನ್!"

ಸಾಬ್ರಿ. ರಾಸಿಮ್ ಗಕ್ಕನೆ ತಿರುಗಿದ. ತಿರುಗಬಾರದು ಅಂತ ತಿಳಿಯುವ ಹೊತ್ತಿಗೆ ತಿರುಗಿಯಾಗಿತ್ತು. ಸಾಬ್ರಿಯ ಕಣ್ಣಿಗೆ ಕಣ್ಣು ಸೇರಿಯಾಗಿತ್ತು. "ನೋಡ್ರಪ್ಪಾ," ಸಾಬ್ರಿ ಕೂಗಿದ, "ನಮ್ಮ ಹೊಜಾ ಯಾವ ಹೆಸರಿಗೆ ತಿರುಗ್ತಾನೆ ನೋಡಿ! ಇವನ ಹಿಂದೆ ನಾವು ನಮಾಜಿಗೆ ನಿಂತಿದ್ವಾ!" ಮುದುಕರು ನೆಲ ನೋಡಿದರು. ಕೆನ್ನೆ ಎರಡೂ ಕಾದು ಹೋದವು. ಕೆಂಪಾಗಿರಬೇಕು, ಟೀಚರು ಗಲ್ಲ ಹಿಡಿದ ದಿನದ ಹಾಗೆ. ಮುಚ್ಚಿಟ್ಟದ್ದೆಲ್ಲ ಬಟ್ಟಬಯಲಾಯಿತು. ವಿಚಿತ್ರ ಅಂದರೆ, ಬಯಲಾದ ಮೇಲೆ ಅಷ್ಟು ದೊಡ್ಡದಾಗಿಯೂ ಕಾಣಲಿಲ್ಲ. ಸಾಬ್ರಿ ಸಲಿಕೆ ಬಿಸಾಡಿ ಇಳಿದು ಹೋದ. ಮುದುಕರು ಹೋದರು. ಏನಂದ ಅಂತ ಕೇಳುತ್ತಲೇ ಜಾಫೆರೂ ಹೋದ. ಪ್ಲಾಮೆನ್ ಮಾತ್ರ ಟೋಪಿ ಹಿಡಿದುಕೊಂಡು ಬೇಲಿಯ ಹತ್ತಿರ ಉಳಿದ.

ರಾಸಿಮ್ ಮತ್ತೆ ಮಣ್ಣಿನ ಕಡೆ ತಿರುಗಿದ. ಅರಬಿ ಎಲ್ಲ ಬಾಯಿಂದ ಹಾರಿಹೋಗಿತ್ತು. ಒಂದು ಸಾಲೂ ನೆನಪಾಗಲಿಲ್ಲ. ಕೈಯೂರಿ ಬಗ್ಗಿದ, ಕಟ್ಟೆಯ ಮೇಲೆ ಪಕ್ಕದಲ್ಲಿ ಕೂತವನಿಗೆ ಹೇಳುವ ಹಾಗೆ ಹೇಳಿದ:

"ಆಸೆನ್, ಈಗ ಇಬ್ರು ಬರ್ತಾರೆ. ದೇವರು ಯಾರು ಅಂದ್ರೆ ಹೇಳು. ಪ್ರವಾದಿ ಯಾರು ಅಂದ್ರೆ ಹೇಳು. ಅಲ್ಲಿ ಹಟ ಮಾಡ್ಬೇಡ ಮಾರಾಯ. ಹೆಸರೇನು ಅಂದ್ರೆ ಮಾತ್ರ ನೀನಾಗಿ ಹೇಳ್ಬೇಡ. ಅವರಿಗೆ ಎಲ್ಲಾ ಗೊತ್ತಂತಲ್ಲ, ಅವರೇ ಹೇಳ್ಲಿ. ಅವರೇ ತಂದುಕೊಡ್ಲಿ. ಅಲ್ಲೀವರೆಗೂ ಯಾರು ಕರೆದ್ರೂ ತಿರುಗ್ಬೇಡ."

ಹಿಂದೆ ಒಣಹುಲ್ಲಿನ ಮೇಲೆ ಹೆಜ್ಜೆ ಸದ್ದಾಯಿತು. ಸ್ನೆಜಾನಾ ಬೇಲಿ ದಾಟಿ ಬಂದಿದ್ದಳು. ಅವನು ಮಂಡಿ ಹಿಡಿದುಕೊಂಡು ಏಳಲು ಹೋಗಿ ಆಗದೆ ಮತ್ತೆ ಕೂತ. ಕೆಳಗೆ ಊರು ಕಾಣುತ್ತಿತ್ತು, ಸೂರುಗಳ ನಡುವೆ ಮೂರೋ ನಾಲ್ಕೋ ಹೊಗೆ. ಅದರಲ್ಲಿ ಒಂದು ಎಮಿನೆಯದು. ತನಗಿಂತ ಅವಳೇ ಮೊದಲು ಹೋದರೆ, ಸಾಬ್ರಿಯೂ ಹೋದರೆ, ಪಟ್ಟಣದ ಹುಡುಗ ಇಷ್ಟು ದೂರ ಹತ್ತಿ ಬರದಿದ್ದರೆ ಅಂತ ಲೆಕ್ಕ ಹಾಕಿದ. ಲೆಕ್ಕದಲ್ಲಿ ಯಾರೂ ಉಳಿಯಲಿಲ್ಲ.

"ನನ್ನ ಸರದಿ ಬಂದಾಗ ನೀನೇ ಬಂದು ಕೂಗ್ಬೇಕಮ್ಮ," ಅಂದ.

"ನಾನಾ? ಹೆಂಗಸು ಕೂಗೋ ಹಾಗಿದೆಯಾ ಮಾವ?"

"ಇಲ್ಲ. ಆದ್ರೆ ಬೇರೆ ಯಾರೂ ಇರಲ್ಲ."

ಅವಳು ಅವನ ತೋಳಿಗೆ ಕೈಕೊಟ್ಟು ಎಬ್ಬಿಸಿದಳು, ದಾದಿಯ ಗಟ್ಟಿ ಕೈ. ಟೋಪಿಯ ಮೇಲಿನ ಮಣ್ಣು ಕೊಡವಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಏನಂತ ಕೂಗ್ಲಿ?"

ರಾಸಿಮ್ ಬಾಯಿ ತೆರೆದ, ಮುಚ್ಚಿದ. ಎರಡೂ ನಾಲಿಗೆಯ ತುದಿಯಲ್ಲೇ ಇದ್ದವು.

"ಎರಡೂ ಕೂಗು," ಅಂದ. "ಯಾವುದಕ್ಕೆ ತಿರುಗ್ತೀನೋ, ನಾನೂ ನೋಡ್ಬೇಕು."